ರ್ಯಾಕ್‌ನಲ್ಲಿ ಕೋಳಿಯೇ ಮೊದಲು

ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂತ ಲೈಬ್ರರಿಯಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. ತಡಮಾಡದೆ ಉತ್ತರ ಬರುತ್ತದೆ: ಕೋಳಿ. ಲೈಬ್ರರಿಯಲ್ಲಿ ಪ್ರತಿ ವಿಷಯಕ್ಕೂ ಒಂದು ನಂಬರ್ ಇರುತ್ತದೆ, ಪುಸ್ತಕಗಳು ರ್ಯಾಕ್‌ನಲ್ಲಿ ಆ ನಂಬರಿನ ಕ್ರಮದಲ್ಲೇ ನಿಲ್ಲುತ್ತವೆ. ಕೋಳಿ ಸಾಕಣೆಯ ಪುಸ್ತಕದ ನಂಬರ್ 636.5, ಮೊಟ್ಟೆ ಉತ್ಪಾದನೆಯ ಪುಸ್ತಕದ್ದು 637.5. ಅದು ಸಾಕುವವರ ಲೆಕ್ಕ, ಅಡುಗೆಮನೆಯಲ್ಲಿ ಬೇರೆ ಇರಬಹುದಲ್ವಾ ಅಂತ ನೀವು ಪಟ್ಟು ಹಿಡಿದರೆ ಅದಕ್ಕೂ ಉತ್ತರ ಸಿದ್ಧ. ಕೋಳಿ ಅಡುಗೆ 641.665, ಮೊಟ್ಟೆ ಅಡುಗೆ 641.675. ಅಲ್ಲೂ ಕೋಳಿಯೇ ಮುಂದೆ.

ಈ ಜೋಕು ನನಗೆ ತುಂಬಾ ಇಷ್ಟ. ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ಇರುವುದು ಒಂದೇ ಕೋಳಿ, ಅದಕ್ಕೆ ಎರಡು ನಂಬರ್ ಯಾಕೆ? ಲೈಬ್ರರಿಯ ವರ್ಗೀಕರಣ ಅಂದರೆ ಏನು ಅನ್ನೋದು ಈ ಒಂದು ಪ್ರಶ್ನೆಯಲ್ಲೇ ಇದೆ. ದೊಡ್ಡ ದೊಡ್ಡ ಪಠ್ಯಪುಸ್ತಕ ಓದಿ ತಲೆ ಕೆಡಿಸಿಕೊಳ್ಳುವ ಬದಲು ಊಟದ ತಟ್ಟೆಯಿಂದ ಶುರುಮಾಡಿದರೆ ಇದು ಬೇಗ ಅರ್ಥವಾಗುತ್ತದೆ. ಲೈಬ್ರರಿಯವರು ತಿಂಡಿಯ ಬಗ್ಗೆ ಅಷ್ಟೊಂದು ಜೋಕು ಮಾಡುವುದಕ್ಕೂ ಇದೇ ಕಾರಣ ಅಂತ ನನಗನ್ನಿಸುತ್ತದೆ. ಅವರು ದಿನವಿಡೀ ಒದ್ದಾಡುವ ತೊಡಕುಗಳೆಲ್ಲ ತಿನ್ನುವ ವಸ್ತುಗಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಇವೆ.

ಮೊದಲು ನಂಬರ್‌ಗಳ ಕಥೆ. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕ 1876ರಲ್ಲಿ 44 ಪುಟದ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಜಗತ್ತಿನ ಎಲ್ಲ ತಿಳಿವಳಿಕೆಯನ್ನು ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತಾಗಿ, ಅದನ್ನೂ ಹತ್ತಾಗಿ ಒಡೆಯುತ್ತಾ ಹೋಗುವುದು ಅವನ ಉಪಾಯ. ಅದೇ ಡ್ಯೂಯಿ ದಶಮಾಂಶ ವರ್ಗೀಕರಣ. ಇದರಲ್ಲಿ 600 ಅಂದರೆ ತಂತ್ರಜ್ಞಾನ. ಮನುಷ್ಯ ತನ್ನ ಬಳಕೆಗೆ ಅಂತ ಮಾಡಿಕೊಂಡ ಕೆಲಸಗಳೆಲ್ಲ ಇಲ್ಲಿವೆ. 610 ವೈದ್ಯಕೀಯ, 620 ಎಂಜಿನಿಯರಿಂಗ್, 630 ಬೇಸಾಯ, 640 ಮನೆವಾರ್ತೆ. 641ಕ್ಕೆ ಬಂದರೆ ಆಹಾರ ಮತ್ತು ಪಾನೀಯ. 641.5 ಅಂದರೆ ಅಡುಗೆ. ಸಾರ್ವಜನಿಕ ಲೈಬ್ರರಿಗಳಲ್ಲಿ ಈ ನಂಬರ್ ಎಷ್ಟು ಪಳಗಿದ್ದು ಅಂದರೆ, ಹಸಿವಾಗಿದೆ ಅನ್ನೋ ಬದಲು 'ಆರು ನಾಲ್ಕು ಒಂದರ ಕಡೆ ಹೋಗಿ ಬರ್ತೀನಿ' ಅಂದರೆ ಜೊತೆಯವರಿಗೆ ಅರ್ಥವಾಗುತ್ತದೆ.

641.8ರಿಂದ ಮುಂದಿನ ಸಾಲನ್ನು ಒಮ್ಮೆ ಬೆರಳಿಟ್ಟು ನೋಡುತ್ತಾ ಹೋಗಿ. 641.813 ಸೂಪ್. 641.815 ಬ್ರೆಡ್. 641.82 ಊಟದ ಮುಖ್ಯ ಪದಾರ್ಥಗಳು. 641.83 ಸಲಾಡ್. 641.84 ಸ್ಯಾಂಡ್‌ವಿಚ್. 641.86 ಸಿಹಿ. 641.87 ಕುಡಿಯುವ ಪಾನೀಯಗಳು. ಅದಾದ ಮೇಲೆ 642, ಅಂದರೆ ಊಟ ಬಡಿಸುವುದು, ಮೇಜು ಅಣಿ ಮಾಡುವುದು. ಮೆನು ಕಾರ್ಡ್ ಓದಿದ ಹಾಗೇ ಇದೆ. ಈ ನಂಬರ್‌ಗಳನ್ನು ಕಲಿಯುವವರು ಸಾಮಾನ್ಯವಾಗಿ ಬಾಯಿಪಾಠ ಮಾಡುತ್ತಾರೆ. ಸೂಪಿನಿಂದ ಶುರುವಾಗಿ ಸಿಹಿ ತಿಂದು ಏನಾದರೂ ಕುಡಿದು ಏಳುವ ಊಟ ಅಂತ ನೆನಪಿಟ್ಟುಕೊಂಡರೆ ಬಾಯಿಪಾಠ ಬೇಕಾಗುವುದೇ ಇಲ್ಲ. ಎಲ್ಲರೂ ಮನೆಯಿಂದ ಒಂದೊಂದು ಪದಾರ್ಥ ತಂದು ಸೇರಿ ಊಟ ಮಾಡುವ ದಿನ, ಪಾತ್ರೆಗಳಿಗೆ ಹೆಸರಿನ ಬದಲು ಈ ನಂಬರಿನ ಚೀಟಿ ಅಂಟಿಸುವುದು ಲೈಬ್ರರಿಯವರ ಆಟ. ಆಟದಲ್ಲಿ ಕಲಿತದ್ದು ಮರೆತು ಹೋಗುವುದಿಲ್ಲ.

ಇಲ್ಲೊಂದು ಕಡೆ ಹೊಸಬರು ಎಡವುತ್ತಾರೆ. ಕೈಯಲ್ಲಿ ಎರಡು ಪುಸ್ತಕ. ಒಂದರ ಬೆನ್ನ ಮೇಲೆ 641.8, ಇನ್ನೊಂದರ ಮೇಲೆ 641.65642. ಯಾವುದು ಮೊದಲು? ಉದ್ದ ನಂಬರ್ ದೊಡ್ಡದಿರಬೇಕು ಅಂತ ಅದನ್ನು ಆಚೆ ಇಡುತ್ತಾರೆ. ಆದರೆ ಬಿಂದುವಿನ ಬಲಗಡೆ ಒಂದೊಂದೇ ಅಂಕಿ ಹೋಲಿಸಬೇಕು. ಆರು ಎಂಟಕ್ಕಿಂತ ಚಿಕ್ಕದು, ಹಾಗಾಗಿ 641.65642 ಮೊದಲು. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಹಾಗೇ ಲೆಕ್ಕ. ಕಂಪ್ಯೂಟರ್ 'ಇದೆ' ಅನ್ನುತ್ತದೆ, ರ್ಯಾಕ್‌ನಲ್ಲಿ ಸಿಗುವುದಿಲ್ಲ.

ಈ 641.65642 ಯಾವುದರ ನಂಬರ್ ಗೊತ್ತಾ? ಟೊಮ್ಯಾಟೊ ಅಡುಗೆಯದು. ಇದನ್ನು ಸ್ವಲ್ಪ ಬಿಚ್ಚಿ ನೋಡೋಣ. ನನ್ನ ಮಟ್ಟಿಗೆ ಡ್ಯೂಯಿ ಪದ್ಧತಿಯ ಅತಿ ಚಂದದ ಜಾಗ ಇದು.

ಟೊಮ್ಯಾಟೊ ಬೆಳೆಯುವುದರ ಬಗ್ಗೆ ಪುಸ್ತಕ ಬಂದರೆ ಅದು ಬೇಸಾಯದ 635.642ಕ್ಕೆ ಹೋಗುತ್ತದೆ. 635 ಅಂದರೆ ತೋಟದ ತರಕಾರಿ. ಈಗ ಮೊದಲ ಎರಡು ಅಂಕಿ, ಅಂದರೆ 63, ಬಿಟ್ಟುಬಿಡಿ. ಉಳಿಯುವ ಬಾಲ 5642. ಇದೇ ಬಾಲವನ್ನು 641.3ಕ್ಕೆ ಅಂಟಿಸಿ: 641.35642, ಟೊಮ್ಯಾಟೊ ಎಂಬ ಆಹಾರ ಪದಾರ್ಥ. 641.6ಕ್ಕೆ ಅಂಟಿಸಿ: 641.65642, ಟೊಮ್ಯಾಟೊ ಬಳಸಿ ಮಾಡುವ ಅಡುಗೆ. ಆಲೂಗಡ್ಡೆ ಹೊಲದಲ್ಲಿ 635.21, ಒಲೆಯ ಮೇಲೆ 641.6521. ಅಕ್ಕಿ ಗದ್ದೆಯಲ್ಲಿ 633.18, ಪಾತ್ರೆಯಲ್ಲಿ 641.6318. ಸೇಬು ತೋಟದಲ್ಲಿ 634.11, ಅಡುಗೆಮನೆಯಲ್ಲಿ 641.6411. ಹೊಲದಿಂದ ಅಡುಗೆಮನೆಗೆ ಬರುವಾಗ ತರಕಾರಿ ತನ್ನ ಹೆಸರನ್ನೂ ಹೊತ್ತುಕೊಂಡೇ ಬರುತ್ತದೆ. ಒಂದು ಸಲ ಇದು ಹೊಳೆದರೆ ಆಮೇಲೆ ರ್ಯಾಕ್ ಮುಂದೆ ನಿಂತಾಗ ನಂಬರ್‌ಗಳು ಸುಮ್ನೆ ಅಂಕಿಗಳಾಗಿ ಕಾಣುವುದಿಲ್ಲ.

ಹಾಗಾದರೆ ಟೊಮ್ಯಾಟೊ ಪುಸ್ತಕಗಳನ್ನೆಲ್ಲ ಒಂದೇ ಕಡೆ ಇಟ್ಟಿದ್ದರೆ ಆಗುತ್ತಿರಲಿಲ್ವಾ? ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಪುಸ್ತಕಕ್ಕೆ ನಂಬರ್ ಹಾಕುವ ಮೇಜಿನ ಬಳಿ ಬಂದು ಕೂರಬೇಕು. ಕೆಂಪು ಟೊಮ್ಯಾಟೊ ಚಿತ್ರ ಇರುವ ಒಂದು ಹೊಸ ಪುಸ್ತಕ ಬಂದಿದೆ ಅಂದುಕೊಳ್ಳಿ. ಹೊದಿಕೆ ನೋಡಿ ನಂಬರ್ ಹಾಕುವ ಹಾಗಿಲ್ಲ. ಶೀರ್ಷಿಕೆ ಪುಟ ನೋಡಬೇಕು. ಪರಿವಿಡಿ ನೋಡಬೇಕು. ಮುನ್ನುಡಿಯಲ್ಲಿ ಲೇಖಕರು ಯಾರಿಗಾಗಿ ಬರೆದೆ ಅಂತ ಹೇಳಿದ್ದಾರೋ ನೋಡಬೇಕು. ಪರಿವಿಡಿಯಲ್ಲಿ ಬಿತ್ತನೆ, ಗೊಬ್ಬರ, ಎಲೆ ಮುದುಡುವ ರೋಗ ಅಂತ ಇದ್ದರೆ ಅದು ರೈತರ ಪುಸ್ತಕ, 635ಕ್ಕೆ ಹೋಗುತ್ತದೆ. ಸಾಸ್, ಸೂಪ್, ಉಪ್ಪಿನಕಾಯಿ ಅಂತ ಇದ್ದರೆ 641. ಕಾರ್ಖಾನೆಯಲ್ಲಿ ಡಬ್ಬಿಗೆ ತುಂಬುವ ವಿಧಾನ ಆದರೆ ಆಹಾರ ತಂತ್ರಜ್ಞಾನದ 664. ತಿಂದರೆ ಮೈಗೆ ಏನು ಸಿಗುತ್ತದೆ ಅನ್ನೋದಾದರೆ 613.2. ತಿಂದರೆ ಮೈ ತುರಿಸುತ್ತದೆ ಅನ್ನೋ ಅಲರ್ಜಿಯ ಪುಸ್ತಕ ಆದರೆ 616.97. ಬೆಲೆ ಏರಿಳಿತದ ಚರ್ಚೆ ಇದ್ದರೆ ಅರ್ಥಶಾಸ್ತ್ರದ 338. ಹಣ್ಣು ತರಕಾರಿಗಳನ್ನು ಮೇಜಿನ ಮೇಲಿಟ್ಟು ಬಿಡಿಸುವ ಚಿತ್ರಕಲೆ ಆದರೆ 758.4. ತೀರ್ಮಾನ ಆದ ಮೇಲೆ ಶೀರ್ಷಿಕೆ ಪುಟದ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆಯುತ್ತಾರೆ. ಪೆನ್ಸಿಲ್ ಯಾಕೆಂದರೆ ತೀರ್ಮಾನ ಬದಲಾಗಬಹುದು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಪುಸ್ತಕ ಯಾವ ವಸ್ತುವಿನ ಬಗ್ಗೆ ಇದೆ ಅನ್ನುವುದಕ್ಕಿಂತ ಆ ವಸ್ತುವಿಗೆ ಅದು ಯಾವ ಪ್ರಶ್ನೆ ಕೇಳುತ್ತಿದೆ ಅನ್ನುವುದರ ಮೇಲೆ ಜಾಗ ನಿರ್ಧಾರವಾಗುತ್ತದೆ. ರೈತ ಬಂದಾಗ ಅವನಿಗೆ ಟೊಮ್ಯಾಟೊ ಪಕ್ಕದಲ್ಲಿ ಬದನೆ, ಸೌತೆ ಬೆಳೆಯುವ ಪುಸ್ತಕ ಸಿಗಬೇಕು. ಅಡುಗೆ ಮಾಡುವವರಿಗೆ ಪಕ್ಕದಲ್ಲಿ ಇನ್ನೊಂದು ತರಕಾರಿಯ ಅಡುಗೆ ಸಿಗಬೇಕು. ಟೊಮ್ಯಾಟೊ ಎಲ್ಲ ಒಂದೇ ಕಡೆ ಗುಡ್ಡೆ ಹಾಕಿದರೆ ವೈದ್ಯರೂ ರೈತರೂ ಚಿತ್ರ ಬರೆಯುವವರೂ ಒಂದೇ ರ್ಯಾಕ್ ಮುಂದೆ ನಿಂತು ಹುಡುಕಬೇಕಾಗುತ್ತದೆ.

ಇದೇ ಕಾರಣಕ್ಕೆ ನರಭಕ್ಷಣೆಯ ಪುಸ್ತಕ ಅಡುಗೆ ವಿಭಾಗದಲ್ಲಿ ಸಿಗುವುದಿಲ್ಲ. ಅದರ ಜಾಗ 394.9, ಪದ್ಧತಿ ಆಚರಣೆಗಳ ಸಾಲಿನಲ್ಲಿ. ಅಲ್ಲೇ ಹತ್ತಿರ 394.12ರಲ್ಲಿ ಉಣ್ಣುವ ಕುಡಿಯುವ ಪದ್ಧತಿಗಳು, ಒಂಚೂರು ಮುಂದೆ 395.54ರಲ್ಲಿ ಊಟದ ಮೇಜಿನ ಮರ್ಯಾದೆ. ಲೈಬ್ರರಿಯವರಿಗೆ ಈ ನೆರೆಹೊರೆ ನೋಡಿದಾಗಲೆಲ್ಲ ನಗು. ಆದರೂ ಜಾಗ ಸರಿಯಾಗಿಯೇ ಇದೆ. ಆ ಪುಸ್ತಕ ಓದುವವರು ಮಾನವಶಾಸ್ತ್ರದ ವಿದ್ಯಾರ್ಥಿಗಳು, ಅಡುಗೆ ಕಲಿಯಲು ಬಂದವರಲ್ಲ.

ಟೊಮ್ಯಾಟೊ ಹಣ್ಣೋ ತರಕಾರಿಯೋ ಅನ್ನೋ ಜಗಳವೂ ಇಲ್ಲಿಗೆ ಸೇರುತ್ತದೆ. ಡ್ಯೂಯಿಯಲ್ಲಿ ಹಣ್ಣಿನ ತೋಟಗಳು 634, ತರಕಾರಿ 635. ಟೊಮ್ಯಾಟೊ 635ರಲ್ಲಿದೆ. ಬೀಜ ಒಳಗಿರುವುದರಿಂದ ಸಸ್ಯಶಾಸ್ತ್ರದ ಪ್ರಕಾರ ಅದು ಹಣ್ಣು, ಹಾಗಾಗಿ ಇದು ತಪ್ಪಲ್ವಾ ಅಂತ ಯಾರಾದರೂ ಬಂದು ಕೇಳೇ ಕೇಳುತ್ತಾರೆ. ಇದೇ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 1883ರ ಸುಂಕದ ಕಾಯ್ದೆ ಹೊರದೇಶದಿಂದ ಬರುವ ತರಕಾರಿಗೆ ಶೇಕಡಾ 10 ಸುಂಕ ಹಾಕಿತ್ತು. ನಿಕ್ಸ್ ಎಂಬ ವ್ಯಾಪಾರಿ, ಟೊಮ್ಯಾಟೊ ಹಣ್ಣು, ಸುಂಕ ವಾಪಸ್ ಕೊಡಿ ಅಂತ ನ್ಯೂಯಾರ್ಕ್ ಬಂದರಿನ ಸುಂಕದ ಅಧಿಕಾರಿ ಹೆಡನ್ ಮೇಲೆ ದಾವೆ ಹೂಡಿದ. 1893ರಲ್ಲಿ ನ್ಯಾಯಾಧೀಶರೆಲ್ಲ ಒಮ್ಮತದಿಂದ ತೀರ್ಪು ಕೊಟ್ಟರು. ಸಸ್ಯಶಾಸ್ತ್ರದಲ್ಲಿ ಇದು ಹಣ್ಣೇ ಇರಬಹುದು, ಜನರ ಮಾತಿನಲ್ಲಿ ತರಕಾರಿ. ಊಟದ ಜೊತೆ ತಿನ್ನುತ್ತಾರೆ, ಊಟ ಮುಗಿದ ಮೇಲೆ ಹಣ್ಣಿನ ಹಾಗೆ ತಿನ್ನುವುದಿಲ್ಲ. ಸೌತೆ, ಬಟಾಣಿ, ಬೀನ್ಸ್ ಕೂಡ ಹಾಗೇ ಅಂದರು. ಅವರು ಮಾಡಿದ್ದು ಅಪ್ಪಟ ಲೈಬ್ರರಿ ಕೆಲಸ. 'ಇದು ನಿಜಕ್ಕೂ ಏನು' ಎಂಬ ಪ್ರಶ್ನೆ ಬದಿಗಿಟ್ಟು 'ಈ ಕೆಲಸಕ್ಕೆ ಇದನ್ನು ಯಾವ ಗುಂಪಿಗೆ ಸೇರಿಸಬೇಕು' ಅಂತ ನೋಡಿದರು.

ಬ್ರಿಟನ್ನಿನಲ್ಲಿ 1991ರಲ್ಲಿ ಜಾಫಾ ಕೇಕ್ ಎಂಬ ತಿನಿಸಿಗೂ ಇದೇ ಗತಿ ಬಂತು. ಕೇಕ್ ಆದರೆ ವ್ಯಾಟ್ ತೆರಿಗೆ ಇಲ್ಲ, ಚಾಕೊಲೇಟ್ ಹೊದಿಸಿದ ಬಿಸ್ಕತ್ ಆದರೆ ಇದೆ. ತೆರಿಗೆ ನ್ಯಾಯಮಂಡಳಿ ನೋಡಿದ ಅಂಶಗಳಲ್ಲಿ ಒಂದು ಬಹಳ ಸೊಗಸಾಗಿದೆ. ಹಳಸಿದರೆ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ ಮೆತ್ತಗಾಗುತ್ತದೆ. ಜಾಫಾ ಗಟ್ಟಿಯಾಯಿತು, ಕೇಕ್ ಅಂತ ತೀರ್ಮಾನವಾಯಿತು. ಡ್ಯೂಯಿಯಲ್ಲಿ ಕೇಕ್ 641.8653, ಬಿಸ್ಕತ್ 641.8654. ಅಕ್ಕಪಕ್ಕದ ಮನೆ. ತೆರಿಗೆ ಇಲಾಖೆಗೆ ಅಷ್ಟು ಮುಖ್ಯವಾಗಿದ್ದ ಗೋಡೆ ರ್ಯಾಕ್‌ನಲ್ಲಿ ಕೊನೆಯ ಒಂದೇ ಒಂದು ಅಂಕಿ.

ಎರಡು ವಿಷಯ ಸೇರಿಕೊಂಡ ಪುಸ್ತಕ ಬಂದರೆ? ಅದಕ್ಕೆ ನಿಯಮಗಳಿವೆ, ಟೀ ಕಾಫಿ ಇಟ್ಟುಕೊಂಡು ಹೇಳಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಬೇಸಾಯದಲ್ಲಿ ಟೀ 633.72, ಕಾಫಿ 633.73, ಕೋಕೊ 633.74. ಟೀ ಕಾಫಿ ಎರಡನ್ನೂ ಬೆಳೆಯುವುದರ ಬಗ್ಗೆ ಸಮಸಮವಾಗಿ ಬರೆದ ಪುಸ್ತಕವನ್ನು ಮೊದಲು ಬರುವ ನಂಬರಿಗೆ, ಅಂದರೆ ಟೀಗೆ ಹಾಕಬೇಕು. ಕಾಫಿಯ ಬಗ್ಗೆ ಜಾಸ್ತಿ ಬರೆದಿದ್ದರೆ ಕಾಫಿಗೆ. ಮೂರೂ ಇದ್ದರೆ ಯಾವುದಕ್ಕೂ ಬೇಡ, ಮೂರನ್ನೂ ಒಳಗೊಂಡ 633.7ಕ್ಕೆ. ಹೀಗಾಗಿ ಕಾಫಿ ಕುಡಿಯುವ ಲೈಬ್ರರಿಯವರಿಗೆ ಟೀ ಮೇಲೆ ಒಂದು ಸಣ್ಣ ಹೊಟ್ಟೆಕಿಚ್ಚು. ಅಂದಹಾಗೆ 633.71 ತಂಬಾಕು. ಟೀಯ ಪಕ್ಕದಲ್ಲಿ ತಂಬಾಕು ಯಾಕೆ ಬಂತು? ಆ ಗುಂಪು ಕಟ್ಟಿರುವುದು ರುಚಿಯ ಮೇಲಲ್ಲ, ಒಳಗಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕದ ಮೇಲೆ. ಒಂದರಲ್ಲಿ ಕೆಫೀನ್, ಇನ್ನೊಂದರಲ್ಲಿ ನಿಕೋಟಿನ್.

ಡ್ಯೂಯಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲಿಷ್ ಕಾಗುಣಿತದಲ್ಲಿ ಬೇಡದ ಅಕ್ಷರಗಳು ಜಾಸ್ತಿ ಅಂತ ಅವನಿಗೆ ಸಿಟ್ಟು. ಅವನು ಕಟ್ಟಿದ ಲೇಕ್ ಪ್ಲ್ಯಾಸಿಡ್ ಕ್ಲಬ್ಬಿನ 1927ರ ಮೆನು ಕಾರ್ಡಿನಲ್ಲಿ 'ಐಸ್ ಕ್ರೀಂ'ನ ಐಸ್‌ಗೆ ವೈ, ಎಸ್ ಎರಡೇ ಅಕ್ಷರ. ರೈಸ್‌ಗೆ ಆರ್, ವೈ, ಎಸ್ ಮೂರು. ಬಟರ್ ಪದದಲ್ಲಿ ಒಂದು ಟಿ, ಒಂದು ಇ ಮಾಯ. ತಟ್ಟೆಯಲ್ಲಿರುವುದನ್ನೂ ಒಪ್ಪವಾಗಿಡಬೇಕು ಅನ್ನೋ ಮನುಷ್ಯ. ಆದರೆ ಯಹೂದಿಗಳನ್ನು ಅದೇ ಕ್ಲಬ್ಬಿನ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಜನಾಂಗದ್ವೇಷ ಮತ್ತು ಹೆಂಗಸರ ಜೊತೆಗಿನ ಕೆಟ್ಟ ನಡವಳಿಕೆಯ ಕಾರಣಕ್ಕೆ 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ಪದಕದಿಂದ ಅವನ ಹೆಸರು ತೆಗೆದುಹಾಕಲು ನಿರ್ಧರಿಸಿತು. ಇದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಮತ್ತೆ ಅಡುಗೆಮನೆಗೆ. ಇಟಲಿಯ ಸಸ್ಯಾಹಾರಿ ಸೂಪುಗಳ ಒಂದು ಪುಸ್ತಕ ಬಂದಿದೆ ಅನ್ನಿ. ಇಟಲಿಯ ಅಡುಗೆ 641.5945. ಸಸ್ಯಾಹಾರಿ ಅಡುಗೆ 641.5636. ಸೂಪ್ 641.813. ಮೂರೂ ನಿಜ. ಮೂರು ಬಗೆಯ ಓದುಗರು ಮೂರು ಕಡೆ ಹುಡುಕುತ್ತಾರೆ. ಆದರೆ ಪ್ರತಿ ಒಂದೇ ಇದ್ದರೆ ಅದು ನಿಲ್ಲುವುದೂ ಒಂದೇ ಕಡೆ. ಲೈಬ್ರರಿಯವರ ಬದುಕಿನ ದೊಡ್ಡ ತಲೆನೋವು ಇದು. ಹಾಟ್ ಡಾಗ್ ಸ್ಯಾಂಡ್‌ವಿಚ್ಚೋ ಅಲ್ಲವೋ ಅಂತ ಅವರು ಗಂಟೆಗಟ್ಟಲೆ ವಾದ ಮಾಡುವುದೂ ಇದಕ್ಕೇ. ಬ್ರೆಡ್ಡಿನ ನಡುವೆ ಏನೋ ಇದ್ದರೆ ಸ್ಯಾಂಡ್‌ವಿಚ್ ಅಂತೀರಾ? ಬ್ರೆಡ್ ಒಂದು ಕಡೆ ಅಂಟಿಕೊಂಡಿದ್ದರೂ ನಡೆಯುತ್ತದಾ? ಗುಂಪಿನ ಗೆರೆ ಎಲ್ಲಿ ಎಳೆಯಬೇಕು ಅನ್ನೋ ಪ್ರಶ್ನೆಯನ್ನು ಅವರು ದಿನಾ ಪುಸ್ತಕಗಳ ಮೇಲೆ ಕೇಳುತ್ತಾರೆ, ಸಂಜೆ ತಿಂಡಿಯ ಮೇಲೆ ಕೇಳಿ ಹಗುರಾಗುತ್ತಾರೆ.

ಈ ತಲೆನೋವಿಗೆ ಒಂದು ದೊಡ್ಡ ಮದ್ದು ಕಂಡುಹಿಡಿದವರು ಎಸ್. ಆರ್. ರಂಗನಾಥನ್. ಗಣಿತ ಕಲಿಸುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆ ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಆದರೆ ಜೋಡಿಸಿದ ಹಾಗೆ ಬೇರೆ ಬೇರೆ ಆಟಿಕೆ. ವಿಷಯಗಳನ್ನೂ ಹೀಗೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣಕ್ಕೆ ಇದೇ ಬೀಜ. ಮುಂದೆ ಅವರು ವಿಷಯದ ಮುಖಗಳನ್ನು ಐದು ಮೂಲ ಗುಂಪಾಗಿ ಇಟ್ಟರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ. ಹೆಸರು ಕೇಳಿ ಹೆದರಬೇಡಿ, ಒಂದು ಪಾತ್ರೆ ಸೂಪ್ ಮುಂದಿಟ್ಟುಕೊಳ್ಳಿ. ಇದು ಏನು? ಸೂಪ್. ಯಾವುದರಿಂದ ಮಾಡಿದ್ದು? ಟೊಮ್ಯಾಟೊ. ಏನು ಮಾಡಿದರು? ಬೇಯಿಸಿದರು. ಎಲ್ಲಿಯದು? ಇಟಲಿಯದು. ಯಾವಾಗಿನದು? ಚಳಿಗಾಲದ್ದು. ಅಷ್ಟೇ. ಸೂಪಿಗೆ ಮೊದಲೇ ಮಾಡಿಟ್ಟ ಒಂದು ಖಾನೆ ಹುಡುಕುವ ಬದಲು ಐದು ಪ್ರಶ್ನೆ ಕೇಳಿ ಉತ್ತರ ಜೋಡಿಸುತ್ತೀರಿ. ಇವತ್ತು ಅಡುಗೆ ವೆಬ್‌ಸೈಟಿನಲ್ಲಿ 'ಸಸ್ಯಾಹಾರ', 'ಇಟಲಿ', 'ಅರ್ಧ ಗಂಟೆಯೊಳಗೆ' ಅಂತ ಒಂದೊಂದೇ ಟಿಕ್ ಹಾಕಿ ಹುಡುಕುತ್ತೀರಲ್ಲ, ಅದರ ಹಿಂದೆ ಇರುವುದು ಇದೇ ಯೋಚನೆ. ಆ ಟಿಕ್ ಬಾಕ್ಸ್ ಕಂಡಾಗಲೆಲ್ಲ ನನಗೆ ಆ ಮೆಕ್ಯಾನೊ ಪೆಟ್ಟಿಗೆ ನೆನಪಾಗುತ್ತದೆ.

ಜೋಡಿಸಿ ಕೊಟ್ಟ ನಂಬರಿನ ಪುಸ್ತಕವೂ ರ್ಯಾಕ್‌ನಲ್ಲಿ ಒಂದೇ ಕಡೆ ನಿಲ್ಲಬೇಕು ಅನ್ನೋದು ಮಾತ್ರ ಬದಲಾಗಲಿಲ್ಲ. ಅದಕ್ಕೇ ಕ್ಯಾಟಲಾಗ್‌ನಲ್ಲಿ ವಿಷಯದ ಹೆಸರುಗಳನ್ನು ಬೇರೆ ಕೊಡುತ್ತಾರೆ. ಪುಸ್ತಕ ಸೂಪಿನ ಜಾಗದಲ್ಲಿದ್ದರೂ ಇಟಲಿ ಅಂತ ಹುಡುಕಿದವರಿಗೂ ಸಿಗಬೇಕಲ್ಲ. ಆ ಹೆಸರುಗಳ ಮೇಲೂ ಜಗಳ ನಡೆದಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಡುಗೆಗೆ 'ಕುಕರಿ' ಎಂಬ ಹಳೆ ಪದವನ್ನೇ ಇಟ್ಟುಕೊಂಡಿತ್ತು. ಮಾತಿನಲ್ಲಿ ಜನ 'ಕುಕಿಂಗ್' ಅನ್ನುತ್ತಿದ್ದರು. ಜನ ಹುಡುಕುವ ಪದ ಒಂದು, ಕ್ಯಾಟಲಾಗ್‌ನ ಪದ ಇನ್ನೊಂದು. 2010ರಲ್ಲಿ ಅದನ್ನು ಕೊನೆಗೂ 'ಕುಕಿಂಗ್' ಅಂತ ಬದಲಾಯಿಸಿದರು. ಒಂದೇ ಪದ, ಆದರೆ ಅದನ್ನು ಹೊತ್ತ ದಾಖಲೆಗಳನ್ನೆಲ್ಲ ತಿದ್ದಬೇಕಾಯಿತು.

ಪುಸ್ತಕ ತಿನ್ನುವ ಹಬ್ಬವೂ ಒಂದಿದೆ, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಜೂಡಿತ್ ಹಾಫ್‌ಬರ್ಗ್ ಮತ್ತು ಬಿಯಾಟ್ರಿಸ್ ಕೊರೋನ್ 2000ದಲ್ಲಿ ಶುರುಮಾಡಿದ ಈ ಹಬ್ಬ ಏಪ್ರಿಲ್ 1ರ ಸುಮಾರಿಗೆ ಹಲವು ದೇಶಗಳ ಲೈಬ್ರರಿಗಳಲ್ಲಿ ನಡೆಯುತ್ತದೆ. ಪುಸ್ತಕದ ಆಕಾರದ ಕೇಕ್, ಯಾವುದೋ ಕಥೆಯನ್ನು ನೆನಪಿಸುವ ಸ್ಯಾಂಡ್‌ವಿಚ್, ಹೀಗೆ ಏನಾದರೂ ಮಾಡಿ ತರಬೇಕು. ಎಲ್ಲರೂ ನೋಡಿ, ಫೋಟೊ ತೆಗೆದು, ಆಮೇಲೆ ತಿನ್ನಬೇಕು. ಆ ದಿನವನ್ನೇ ಆರಿಸಿದ್ದು ಊಟದ ರುಚಿಯ ಬಗ್ಗೆ ಬರೆದ ಫ್ರಾನ್ಸಿನ ಬ್ರಿಯಾ ಸವಾರಿನ್ ಹುಟ್ಟಿದ್ದು 1755ರ ಏಪ್ರಿಲ್ 1ರಂದು ಅಂತ. ಅವನಂಥವರ ಬರಹಕ್ಕೆ ಡ್ಯೂಯಿಯಲ್ಲಿ 641.013 ಅಂತ ಜಾಗವೇ ಇದೆ: ರುಚಿಯಾಗಿ ಉಣ್ಣುವುದರ ಬಗ್ಗೆ ಯೋಚಿಸುವವರ ಜಾಗ.

ಕೊನೆಗೆ ಅಣಬೆ. ಹಳೆಯ ಡ್ಯೂಯಿಯಲ್ಲಿ ವಿಜ್ಞಾನದ ಅಣಬೆ 589ರಲ್ಲಿ, ಗಿಡಮರಗಳ ಜೊತೆಗಿತ್ತು. ಆದರೆ ಅಣಬೆ ಸಸ್ಯವೇ ಅಲ್ಲ, ಅದರದ್ದೇ ಬೇರೆ ಕುಲ ಅಂತ ವಿಜ್ಞಾನಿಗಳು ಒಪ್ಪಿ ಬಹಳ ಕಾಲವಾಗಿತ್ತು. 1996ರ 21ನೇ ಆವೃತ್ತಿಯಲ್ಲಿ ಅದನ್ನು ಅಲ್ಲಿಂದ ಎಬ್ಬಿಸಿ 579ಕ್ಕೆ, ಸೂಕ್ಷ್ಮಜೀವಿಗಳ ನೆರೆಗೆ ಕಳಿಸಿದರು. ಹಳೆ ಪುಸ್ತಕಗಳ ಬೆನ್ನಿನ ಚೀಟಿ ಕಿತ್ತು ಹೊಸದು ಅಂಟಿಸಬೇಕಾಯಿತು. ಅದೇ ಹೊತ್ತಿಗೆ ಬೇಸಾಯದ ಸಾಲಿನಲ್ಲಿ ಅಣಬೆ 635.8ರಲ್ಲಿ, ತೋಟದ ತರಕಾರಿಗಳ ಜೊತೆ, ಇದ್ದಲ್ಲೇ ಇತ್ತು. ಅಡುಗೆಯ ಸಾಲಿನಲ್ಲಿ ಅದರ ಬಾಲ ಹಿಡಿದುಕೊಂಡು ಬಂದ 641.658 ಕೂಡ ಒಂದು ಇಂಚು ಅಲ್ಲಾಡಲಿಲ್ಲ.